ಹೊಲಿಗೆಯೊಳಗಿನ ಬಟ್ಟೆ

ಪುತ್ತೂರಿನಿಂದ ಗಂಟು ಬಂದರೆ ಸಫಿಯಮ್ಮ ಅದನ್ನು ಒಳಗೆ ಕೊಂಡುಹೋಗುತ್ತಿರಲಿಲ್ಲ. ಜಗಲಿಯಲ್ಲೇ, ತಂದವನ ಎದುರಿನಲ್ಲೇ ಬಿಚ್ಚುತ್ತಿದ್ದಳು. ತರುತ್ತಿದ್ದವನು ಇಬ್ರಾಹಿಂ, ಅವಳ ಗಂಡನ ಅಣ್ಣ ಆದಂ ಕುಂಞಿಯ ಜವಳಿ ಅಂಗಡಿಯ ಆಳು. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ, ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಧೂಳು ಕುಡಿಯುತ್ತ ಕಡಬದಲ್ಲಿ ಬಂದಿಳಿಯುವ ಆ ಬಡಪಾಯಿಗೆ ಒಂದು ಲೋಟ ಕರಿಕಾಫಿ ಕೊಟ್ಟು ಕೂರಿಸಿ, ಅವಳು ಒಂದೊಂದೇ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿಯುತ್ತಿದ್ದಳು, ಸಂತೆಯಲ್ಲಿ ಕಣ್ಣು ಗುಳಿಬಿದ್ದ ಮೀನನ್ನು ಎತ್ತಿ ನೋಡುವ ಹಾಗೆ. ಈ ತೋಳಿಗೆ ಸಾರಿನ ಕಲೆ ಉಂಟು. ಇದರ ಕಂಕುಳು ಬೆವರಿಗೆ ಬೆಂದುಹೋಗಿದೆ. ಇದನ್ನು ಹೊಲಿದ ದರ್ಜಿಗೆ ಹೆಂಗಸರಿಗೂ ಭುಜ ಇರುತ್ತದೆಂದು ಯಾರಾದರೂ ತಿಳಿಸಬೇಕಿತ್ತು. ಇಬ್ರಾಹಿಂ ವಾಪಸು ಹೋಗಿ ಎಲ್ಲವನ್ನೂ ಒಂದಕ್ಷರ ಬಿಡದೆ ಒಪ್ಪಿಸುತ್ತಾನೆಂದು ಅವಳಿಗೆ ಗೊತ್ತಿತ್ತು. ಒಪ್ಪಿಸಲಿ ಎಂದೇ ಹೇಳುತ್ತಿದ್ದದ್ದು.

ಗಂಟು ಕಳುಹಿಸುವವಳು ಆದಂ ಕುಂಞಿಯ ಹೆಂಡತಿ ಐಸಮ್ಮ. ಪುತ್ತೂರಿನ ಪೇಟೆಯಲ್ಲಿ ಅವರ ಅಂಗಡಿಯೊಳಗೆ ಮಾಡಿನ ತನಕ ಬಟ್ಟೆಯ ಥಾನುಗಳು. ಆದರೆ ಮೈದುನನ ಮನೆಗೆ ಅಲ್ಲಿಂದ ಒಂದು ಗೇಣು ಹೊಸ ಬಟ್ಟೆ ಬಂದದ್ದಿಲ್ಲ. ಬರುತ್ತಿದ್ದದ್ದು ಬಕ್ರೀದಿಗೆ ಮೊದಲು ಒಂದು ಗಂಟು ಮಾತ್ರ, ಐಸಮ್ಮ ಸೊಂಟಕ್ಕೆ ಉಟ್ಟು ಬೇಸರ ಬಂದ ತುಣಿಗಳು, ತೊಟ್ಟು ಹಳತಾದ ಉದ್ದ ತೋಳಿನ ಕುಪ್ಪಾಯಗಳು, ತಲೆಯ ಮೇಲೆ ಹೊದ್ದು ಬಣ್ಣ ಮಾಸಿದ ವಲ್ಲಿಗಳು, ಅಡಿಯಲ್ಲಿ ಆದಂ ಕುಂಞಿಯ ಹಳೆಯ ಬೂಟು. ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಯಾರ ಮನೆಗೆ, ಯಾರು ಕೊಟ್ಟದ್ದು ಎಂದು ಸರಿಯಾಗಿ ಹೇಳಬೇಕೆಂದು ಇಬ್ರಾಹಿಂನಿಗೆ ಅಪ್ಪಣೆಯಾಗಿತ್ತು. ಕೇಳದವರಿಗೂ ಅವನು ಹೇಳುತ್ತಿದ್ದ.

ಸಫಿಯಮ್ಮನ ಗಂಡ ಅದ್ದು ಹಿಂದೆ ಅಣ್ಣನ ಅಂಗಡಿಯಲ್ಲೇ ಕೂತವನು. ಬಣ್ಣ ಹೋಗುತ್ತದಾ ಎಂದು ಗಿರಾಕಿ ಕೇಳಿದರೆ ಹೋಗುತ್ತದೆ ಎನ್ನುತ್ತಿದ್ದ. ಒಂದು ಮಳೆಗಾಲ ಕಳೆಯುವುದರೊಳಗೆ ಅಣ್ಣ ಅವನನ್ನು ಸಾಗಹಾಕಿದ. ಈಗ ಕಡಬದಲ್ಲಿ ಒಣಮೀನಿನ ಅಂಗಡಿ. ಒಣಮೀನಿಗೆ ಯಾರೂ ಸುಳ್ಳು ಹೇಳಬೇಕಾಗಿಲ್ಲ, ಅದು ತನ್ನ ವಿಷಯ ತಾನೇ ಹೇಳುತ್ತದೆ, ಇವರಿಗೆ ಸರಿಯಾದ ವ್ಯಾಪಾರ ಸಿಕ್ಕಿತು ಎಂದು ಸಫಿಯಮ್ಮ ಗಂಡನ ಮುಖದೆದುರೇ ಹೇಳುತ್ತಿದ್ದಳು. ಅದ್ದು ನಗುತ್ತಿದ್ದ. ಆ ನಗೆಯೂ ಅವಳಿಗೆ ಸೇರುತ್ತಿರಲಿಲ್ಲ.

ಅಷ್ಟು ತಾತ್ಸಾರ ಇದ್ದರೆ ಗಂಟನ್ನು ಯಾಕೆ ಇಟ್ಟುಕೊಳ್ಳುವುದು ಎಂದು ನೆರೆಯವರು ಕೇಳಬಹುದಿತ್ತು. ಕೇಳಿದ್ದರೆ ಉತ್ತರ ಇತ್ತು. ಬಟ್ಟೆಯ ಮೇಲೆ ಅವಳಿಗೆ ತಾತ್ಸಾರವಿರಲಿಲ್ಲ. ಬಟ್ಟೆ ಒಳ್ಳೆಯದು, ಅದು ಹೋಗಿ ಸೇರಿದ ಮೈ ಮಾತ್ರ ಸರಿಯಿರಲಿಲ್ಲ. ಬೊಂಬಾಯಿಯಿಂದ ಬಂದ ರೇಷ್ಮೆಯನ್ನು ಐಸಮ್ಮ ತೊಟ್ಟರೆ ಭತ್ತದ ಮುಡಿಗೆ ಹೊದಿಸಿದ ಹಾಗೆ ಕಾಣುತ್ತಿತ್ತು. ಅದನ್ನು ಅಲ್ಲಿಂದ ಬಿಡಿಸಿ ತಂದು ಮನುಷ್ಯರ ಬಟ್ಟೆ ಮಾಡುವುದು ತನ್ನ ಕೆಲಸ ಎಂದು ಸಫಿಯಮ್ಮ ತಿಳಿದಿದ್ದಳು.

ಅವಳ ತಾಯಿ ಜೈನಬಮ್ಮ ಟೊಪ್ಪಿ ಹೊಲಿದು ಮಕ್ಕಳನ್ನು ಸಾಕಿದವಳು. ಟೊಪ್ಪಿಯ ಹೊಲಿಗೆ ಎಂದರೆ ಎಳ್ಳಿನ ಕಾಳಿಗಿಂತ ಸಣ್ಣ. ಆ ಕೈ ಮಗಳಿಗೆ ಬಂದಿತ್ತು. ಗಂಟಿನ ಬಟ್ಟೆಗಳನ್ನು ಮೊದಲು ಅಂಟುವಾಳದ ನೊರೆಯಲ್ಲಿ ನೆನೆಹಾಕಿ ಪುತ್ತೂರಿನ ಅತ್ತರಿನ ವಾಸನೆ ಹೋಗುವ ತನಕ ತಿಕ್ಕುವಳು. ಒಣಗಿದ ಮೇಲೆ ಬ್ಲೇಡಿನ ಮೂಲೆಯಿಂದ ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ಚಾಪೆಯ ಮೇಲೆ ಹಾಸಿ, ಒಳಮೈ ಹೊರಗೆ ಮಾಡುವಳು. ಬಿಸಿಲು ಕಾಣದ ಆ ಮೈಯಲ್ಲಿ ಬಣ್ಣ ಹೊಸತರ ಹಾಗೆ ಇರುತ್ತಿತ್ತು. ಐಸಮ್ಮನ ಒಂದು ಕುಪ್ಪಾಯದಲ್ಲಿ ತನಗೊಂದು, ಮಗಳಿಗೊಂದು ಆಗುತ್ತಿತ್ತು. ಕುತ್ತಿಗೆಯ ಸುತ್ತ ದರ್ಜಿ ಬಡಿದ ಜರಿಯನ್ನು ಕಿತ್ತು ಬಿಸಾಡುವಳು, ಅದನ್ನು ಕಂಡರೆ ಅವಳಿಗೆ ಲಗ್ನದ ಕುದುರೆಯ ನೆನಪಾಗುತ್ತಿತ್ತು.

ಬೂಟಿನದ್ದು ಬೇರೆ ಕಥೆ. ಆದಂ ಕುಂಞಿಯದ್ದು ದೊಡ್ಡ ಪಾದ, ಅದ್ದುವಿನದ್ದು ಹೆಂಗಸರ ಪಾದದಷ್ಟು. ಮೊದಲ ವರ್ಷ ಅದ್ದು ಅದನ್ನು ಹಾಗೆಯೇ ಹಾಕಿಕೊಂಡು ಮಸೀದಿಗೆ ಹೋದ. ಅವನು ಮುಂದೆ, ಬೂಟು ಒಂದು ಹೆಜ್ಜೆ ಹಿಂದೆ. ಮರುದಿನ ಸಫಿಯಮ್ಮ ಬೂಟನ್ನು ನೀರಲ್ಲಿ ನೆನೆಸಿ ಹಿಮ್ಮಡಿಯ ಹೊಲಿಗೆ ಬಿಚ್ಚಿ, ಚರ್ಮವನ್ನು ಎರಡು ಬೆರಳಗಲ ಕತ್ತರಿಸಿ, ಮೇಣ ಹಚ್ಚಿದ ದಾರ ಹಾಕಿ ದಬ್ಬಣದಲ್ಲಿ ಹೊಲಿದಳು. ಮೂತಿಯೊಳಗೆ ತೆಂಗಿನ ನಾರನ್ನು ಮಸ್ಲಿನ್ ಬಟ್ಟೆಯಲ್ಲಿ ಸುತ್ತಿ ತುರುಕಿದಳು. ಮನೆಯ ಹೆಂಗಸು ಚರ್ಮ ಕೊಯ್ಯುವುದನ್ನು ದಾರಿಹೋಕರು ನೋಡುತ್ತಾರೆಂದು ಅದ್ದು ಬಾಗಿಲು ಹಾಕಲು ಹೋದ.

"ಅಣ್ಣನ ಕಾಲು ಹಾಕಿಕೊಂಡು ನಡೀಲಿಕ್ಕೆ ನಿಮಗೆ ನಾಚಿಕೆ ಇಲ್ಲ. ಅದನ್ನು ನಿಮ್ಮ ಕಾಲು ಮಾಡ್ಲಿಕ್ಕೆ ನನಗೆಂತ ನಾಚಿಕೆ?" ಎಂದಳು ಸಫಿಯಮ್ಮ. ಬಾಗಿಲು ತೆರೆದೇ ಇತ್ತು.

ಹೀಗೆ ವರ್ಷಗಳು ಹೋದವು. ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ, ಕಡಬದ ಬಸ್ಸಿಗೆ ಹೊಸ ಬಣ್ಣ ಬಂದು, ಅದೂ ಹಳತಾಗಿತ್ತು. ಆ ವರ್ಷ ಬಂದ ಗಂಟು ಎಂದಿಗಿಂತ ದೊಡ್ಡದಿತ್ತು. ಬಿಚ್ಚಿ ನೋಡಿದರೆ ಒಂದೆರಡು ಸಲ ಮಾತ್ರ ಮೈ ಕಂಡ ಬಟ್ಟೆಗಳು. ಬೈಯಲು ಏನೂ ಸಿಕ್ಕದೆ ಸಫಿಯಮ್ಮನಿಗೆ ಬೇಸರವಾಗುವುದರಲ್ಲಿತ್ತು. ಅಷ್ಟರಲ್ಲಿ ಹಸಿರು ಸ್ಯಾಟಿನ್ನಿನ ಕುಪ್ಪಾಯವೊಂದು ಕೈಗೆ ಬಂತು. ಅದರ ಎರಡೂ ಪಕ್ಕಗಳನ್ನು ಯಾರೋ ಒಳಗೆ ಹಿಡಿದು ಹೊಲಿದಿದ್ದರು. ಎಂತಹ ಹೊಲಿಗೆ! ಒಂದು ಟಾಂಕಿ ಅಕ್ಕಿಯಷ್ಟು, ಮುಂದಿನದು ಕಿರುಬೆರಳಿನಷ್ಟು, ನಡುವೆ ದಾರ ಗಂಟುಕಟ್ಟಿ ಬಟ್ಟೆ ಮುದುಡಿ ನಿಂತಿತ್ತು. ಒಂದು ಸಾಲಿನ ಒಳಗೆ ಇನ್ನೊಂದು ಸಾಲು, ಅದರ ಒಳಗೆ ಮತ್ತೊಂದು.

ಅವಳಿಗೆ ಥಟ್ಟನೆ ಅರ್ಥವಾಯಿತು, ಅಂದರೆ ಅರ್ಥವಾಯಿತೆಂದು ಅವಳು ತಿಳಿದಳು. ಐಸಮ್ಮ ಈ ಸಲ ಸಫಿಯಮ್ಮನ ಅಳತೆಗೆ ಕಿರಿದು ಮಾಡಿಸಿ ಕಳುಹಿಸಿದ್ದಾಳೆ. ಕೊಡುವುದು ಸಾಲದೆಂದು ಈಗ ಓರಗಿತ್ತಿಯ ಸೊಂಟವನ್ನೂ ಅಳೆಯಲು ಹೊರಟಿದ್ದಾಳೆ. ಅದೂ ಅಡಿಗೆಮನೆಯ ಯಾವುದೋ ಹುಡುಗಿಯ ಕೈಯಲ್ಲಿ. ಸಫಿಯಮ್ಮ ಇಬ್ರಾಹಿಂನ ಮುಂದೆ ಕುಪ್ಪಾಯವನ್ನು ತಿರುಗಿಸಿ ಹಿಡಿದು, ಇದನ್ನು ಹೊಲಿದವರು ಯಾರೆಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ. ಕಾಫಿ ಅರ್ಧಕ್ಕೆ ಬಿಟ್ಟು ಎದ್ದ.

ಅದೇ ಹಸಿರು ಕುಪ್ಪಾಯವನ್ನು ಬಿಚ್ಚಿ, ಇಸ್ತ್ರಿ ಮಾಡಿ, ತನ್ನ ಮೈಗೆ ಕೂರುವಂತೆ ಹೊಲಿದು ಸಫಿಯಮ್ಮ ಸುಳ್ಯದ ಮದುವೆಗೆ ಹೊರಟಳು. ಅಲ್ಲಿ ಅದ್ದುವಿನ ತಂಗಿ ಕದೀಜಮ್ಮನ ಮಗಳ ನಿಕಾಹ್. ಗಂಡಸರೆಲ್ಲ ಚಪ್ಪರದಲ್ಲಿ, ಹೆಂಗಸರೆಲ್ಲ ಒಳಗಿನ ದೊಡ್ಡ ಕೋಣೆಯಲ್ಲಿ. ಹೊಸ ಬಟ್ಟೆಗಳ ಗಂಜಿವಾಸನೆ ಕೋಣೆಯ ತುಂಬ. ಸಫಿಯಮ್ಮ ಗೋಡೆಗೆ ಒರಗಿ ಕೂತು ಒಬ್ಬೊಬ್ಬರನ್ನೇ ನೋಡಿದಳು. ಹೊಸತೇ ಉಟ್ಟು ಇಷ್ಟು ಕೆಟ್ಟದಾಗಿ ಕಾಣಲು ಇವರು ಎಷ್ಟು ಕಷ್ಟಪಟ್ಟಿರಬೇಕು ಅನ್ನಿಸಿತು. ಒಬ್ಬಳ ತೋಳು ಬೆರಳನ್ನು ನುಂಗಿತ್ತು, ಇನ್ನೊಬ್ಬಳಿಗೆ ಉಸಿರು ತೆಗೆಯಲು ದರ್ಜಿಯ ಅಪ್ಪಣೆ ಬೇಕಿತ್ತು. ಇವಳ ಮೇಲೆ ಮಾತ್ರ ಬಟ್ಟೆ ಬಟ್ಟೆಯ ಹಾಗಿತ್ತು. ಹೆಂಗಸರು ಬಂದು ಮುಟ್ಟಿ ನೋಡಿ, ಮಂಗಳೂರಿನದ್ದಾ ಎಂದು ಕೇಳಿದರು.

ಐಸಮ್ಮ ತಡವಾಗಿ ಬಂದಳು. ಸೆಕೆಯ ದಿನ, ಆದರೂ ಮೈತುಂಬ ದಪ್ಪ ವಲ್ಲಿ ಹೊದ್ದಿದ್ದಳು. ಎಲ್ಲರೂ ಜರುಗಿ ನಡುವಿನ ಜಾಗ ಬಿಟ್ಟರು. ಕೂತವಳು ವೀಳ್ಯದ ತಟ್ಟೆ ಎಳೆದುಕೊಂಡು, ಸಫಿಯಮ್ಮನನ್ನು ಮೇಲಿಂದ ಕೆಳಗೆ ನೋಡಿದಳು.

"ನನ್ನ ಹಸಿರು ಕುಪ್ಪಾಯ ನಿನಗೆ ಒಳ್ಳೆ ಕೂತಿತು. ಕೆಲವರಿಗೆ ಹಾಗೆ, ಇನ್ನೊಬ್ಬರು ಹಾಕಿ ಹದ ಮಾಡಿದ್ದೇ ಕೂರುದು."

ಮುಟ್ಟಿ ನೋಡುತ್ತಿದ್ದ ಕೈಗಳು ಹಿಂದೆ ಸರಿದವು. ಸಫಿಯಮ್ಮ ಅವಸರ ಮಾಡಲಿಲ್ಲ. ಕೋಣೆಯ ಆ ತುದಿಗೂ ಕೇಳುವ ಸ್ವರದಲ್ಲಿ ಹೇಳಿದಳು.

"ಕೂರುವ ಹಾಗೆ ಮಾಡಿದ್ದು ನಾನು, ಅಕ್ಕ. ನೀವು ಹಳತು ಕೊಡುದಾದ್ರೆ ಕೊಡಿ. ನನ್ನ ಅಳತೆಗೆ ಅಂತ ಹೊಲಿಸಿ ಮಾತ್ರ ಕೊಡ್ಬೇಡಿ. ಯಾರ ಕೈಯಲ್ಲಿ ಹೊಲಿಸಿದ್ದು ಇದನ್ನು? ಗೋಣಿಯ ಬಾಯಿ ಹೊಲಿಯುವವರಾದ್ರೂ ಇದಕ್ಕಿಂತ ನೇರ ಹೊಲೀತಾರೆ."

ಯಾರೋ ಕಿಸಕ್ಕೆಂದರು. ಸಫಿಯಮ್ಮನಿಗೆ ಅಷ್ಟು ಸಾಕಾಯಿತು. ಪಕ್ಕದ ಹೊಲಿಗೆ ಹೇಗಿತ್ತೆಂದು ಕೈಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದಳು, ಕುಡಿದವನು ಗದ್ದೆಯ ಬದುವಿನಲ್ಲಿ ನಡೆದ ಹಾಗೆ. ಒಂದು ಸಲ ಹೊಲಿದು ಸಾಲದೆಂದು ಅದರ ಒಳಗೆ ಇನ್ನೊಂದು ಸಲ, ಅದೂ ಸಾಲದೆಂದು ಮತ್ತೆ. ನಗೆ ಕೋಣೆಯಲ್ಲಿ ಹಬ್ಬಿತು. ಮಾತಿನ ಭರದಲ್ಲಿ ಸಫಿಯಮ್ಮ ಇನ್ನೊಂದು ಹೆಜ್ಜೆ ಹೋದಳು. ಹೀಗೆ ಮತ್ತೆ ಮತ್ತೆ ಹೊಲಿಯಲಿಕ್ಕೆ ನಾನೇನು ತಿಂಗಳಿಗೊಮ್ಮೆ ಸಪೂರ ಆಗುತ್ತೇನಾ ಎಂದು ಕೇಳಿದಳು.

ಕೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ತಿಂಗಳಿಗೊಮ್ಮೆ ಸಪೂರ ಆಗುವವರು ಯಾರು? ಅವಳು ಐಸಮ್ಮನ ಕೈಯನ್ನು ನೋಡಿದಳು. ಸುಣ್ಣ ಹಚ್ಚುತ್ತಿದ್ದ ಎಲೆ ನಡುಗುತ್ತಿತ್ತು. ಬಳೆಗಳು ಜಾರಬಾರದೆಂದು ದಾರ ಸುತ್ತಿದ್ದಳು.

"ನಾನೇ ಹೊಲಿದದ್ದು," ಎಂದಳು ಐಸಮ್ಮ. "ನಿನಗೆ ಅಂತ ಅಲ್ಲ."

ನಗೆ ಒಂದು ಕಡೆಯಿಂದ ನಿಲ್ಲುತ್ತ ಬಂತು. ಕದೀಜಮ್ಮ ಎದ್ದು ಬಂದು ಐಸಮ್ಮನ ವಲ್ಲಿಯನ್ನು ಸರಿಸಿದಳು. ಒಳಗೆ ಐಸಮ್ಮ ಒಂದರ ಮೇಲೊಂದು ಕುಪ್ಪಾಯ ತೊಟ್ಟಿದ್ದಳು. ಅವುಗಳ ಒಳಗೆ ಬಡಿಗೆಯಂತಹ ತೋಳು. ಭತ್ತದ ಮುಡಿಯಂತಿದ್ದ ಹೆಂಗಸು ಬಟ್ಟೆಯನ್ನು ಬಟ್ಟೆಯಿಂದ ತುಂಬಿಸಿಕೊಂಡು ಬಂದು ಕೂತಿದ್ದಳು. ಕದೀಜಮ್ಮ ಅಳಲು ಸುರುಮಾಡಿದಳು. ಅವಳನ್ನು ಕಂಡು ಉಳಿದವರು ಸುರುಮಾಡಿದರು. ಮದುವೆಯ ಮನೆಯೆಂಬುದೂ ಇಲ್ಲದೆ, ಆಗಲೇ ಸತ್ತವಳ ಮಯ್ಯತ್ ಎದುರಿಗಿಟ್ಟ ಹಾಗೆ ಅಲ್ಲಾಹನನ್ನು ಕರೆದರು. ಐಸಮ್ಮ ಎಲೆ ಮಡಚಿ ಬಾಯಿಗಿಟ್ಟುಕೊಂಡು ಆ ಅಳುವ ಮುಖಗಳನ್ನು ಒಂದೊಂದಾಗಿ ನೋಡಿದಳು. ನೋಟದಲ್ಲಿ ಇದ್ದದ್ದು ಶುದ್ಧ ಹೇಸಿಗೆ. ಸಫಿಯಮ್ಮನ ಸರದಿ ಬಂದಾಗ ಅಲ್ಲಿ ಕಣ್ಣೀರಿಲ್ಲದ್ದನ್ನು ಕಂಡು, ಆ ನೋಟ ತುಸು ಹೊತ್ತು ನಿಂತು, ಮುಂದೆ ಹೋಯಿತು.

ಕಡಬಕ್ಕೆ ಬಂದ ಮೇಲೆ ಅದ್ದು ಎಂದೂ ಆಡದವನು ಮಾತಾಡಿದ. ಅಷ್ಟು ಜನರ ನಡುವೆ ಅತ್ತಿಗೆಯ ಮರ್ಯಾದೆ ತೆಗೆದೆ, ಹೋಗಿ ಕಾಲು ಹಿಡಿ ಎಂದ. ಕಾಯಿಲೆ ಕೊಟ್ಟವಳು ನಾನಲ್ಲ ಎಂದು ಸಫಿಯಮ್ಮ ಅಡಿಗೆಮನೆಗೆ ಹೋದಳು. ಅವಳನ್ನು ಕೊರೆಯುತ್ತಿದ್ದದ್ದು ಮರ್ಯಾದೆಯ ವಿಷಯವಲ್ಲ. ಸಾಲಿನೊಳಗೆ ಸಾಲು, ನಡುಗುವ ಕೈಯ ಟಾಂಕಿ. ಎಲ್ಲ ಬಟ್ಟೆಯ ಮೇಲೆ ಬರೆದ ಹಾಗಿತ್ತು. ಟೊಪ್ಪಿ ಹೊಲಿಯುವವಳ ಮಗಳಿಗೆ ಅದು ಕಾಣಲಿಲ್ಲ. ತನಗಾದ ಅವಮಾನ ಮಾತ್ರ ಕಂಡಿತು. ಹೊಲಿಗೆ ತಿಳಿಯದವರನ್ನು ಇಷ್ಟು ವರ್ಷ ಬೈದವಳು ಈಗ ತನ್ನನ್ನೇ ಆ ಸಾಲಿಗೆ ಸೇರಿಸಬೇಕಾಯಿತು. ಇದು ಅವಳಿಗೆ ನುಂಗಲಾಗದ ತುತ್ತು.

ಪುತ್ತೂರಿನಿಂದ ಸುದ್ದಿಗಳು ಬಂದವು. ತಿಂದರೂ ಮೈಗೆ ಹತ್ತುವುದಿಲ್ಲ, ಎದೆ ಡವಡವ ಎನ್ನುತ್ತದೆ, ಕೈ ನಿಲ್ಲುವುದಿಲ್ಲ. ಇದನ್ನು ಐಸಮ್ಮ ಗಂಡನಿಂದಲೂ ಮುಚ್ಚಿಟ್ಟಿದ್ದಳಂತೆ. ಆದಂ ಕುಂಞಿ ಅವಳನ್ನು ಮಂಗಳೂರಿಗೆ ಕೊಂಡುಹೋದ. ಕುತ್ತಿಗೆಯೊಳಗೆ ಗಂಟೊಂದು ಉಂಟು, ಮದ್ರಾಸಿಗೆ ಹೋಗಿ ಕೊಯ್ಸಬೇಕು ಎಂದರು ಅಲ್ಲಿ. ಕುತ್ತಿಗೆ ಕೊಯ್ಸಿಕೊಂಡು ಯಾರು ಬದುಕುತ್ತಾರೆ ಎಂದು ಪುತ್ತೂರು ತೀರ್ಮಾನಿಸಿತು. ಸುಳ್ಯ ಒಪ್ಪಿತು. ಕಡಬಕ್ಕೂ ಬೇರೆ ಅಭಿಪ್ರಾಯವಿರಲಿಲ್ಲ. ಅದೇ ವಾರ ಇಬ್ರಾಹಿಂ ಬರಿಗೈಯಲ್ಲಿ ಬಂದು, ಕತ್ತರಿ ಸೂಜಿ ತೆಗೆದುಕೊಂಡು ಬರಬೇಕಂತೆ ಎಂದ.

ಐಸಮ್ಮನ ಕೋಣೆಯಲ್ಲಿ ಎರಡು ಬಾಗಿಲಿನ ಕಪಾಟು, ಆಳೆತ್ತರದ ಕನ್ನಡಿ, ಕೊಲಂಬಿನಿಂದ ತರಿಸಿದ ಹೊಲಿಗೆ ಯಂತ್ರ. ಯಂತ್ರಕ್ಕೆ ಹೂವಿನ ಮುಸುಕು. ಅದು ಒಂದು ದಿನವೂ ತಿರುಗಿದ್ದಲ್ಲ. ಐಸಮ್ಮ ಹಾಸಿಗೆಯ ಮೇಲೆ ಕೂತು ಕುರಿಮಾಂಸ ಹಾಕಿಕೊಂಡು ಅನ್ನ ಉಣ್ಣುತ್ತಿದ್ದಳು. ತುಂಬಿದ ಬಟ್ಟಲು, ಅವಳು ಮಾತ್ರ ಎಲುಬು. ಅಳುವವರು ಬೆಳಿಗ್ಗೆಯಿಂದ ಬಂದು ಹೋಗಿದ್ದಾರೆ, ಸಾಕಾಗಿದೆ, ನಿನಗೆ ಆ ಅಳುವ ರೋಗ ಇಲ್ಲವೆಂದು ಕರೆಸಿದ್ದು ಎಂದಳು. ಮದ್ರಾಸಿಗೆ ಹೋಗಬೇಕು, ರೈಲಿನಲ್ಲಿ ಜನ ನೋಡುತ್ತಾರೆ, ಆಸ್ಪತ್ರೆಯಲ್ಲಿ ನೋಡುತ್ತಾರೆ. ಈ ಚೀಲಗಳನ್ನು ಹಾಕಿಕೊಂಡು ಹೋಗುವುದಿಲ್ಲ.

ಅಂಗಡಿಯ ತುಂಬ ಬಟ್ಟೆ ಇರುವಾಗ ಹೊಸತು ಹೊಲಿಸಬಹುದಲ್ಲ ಎಂದಳು ಸಫಿಯಮ್ಮ. ಗಂಡ ಆಗಲೇ ಹೇಳಿ ನೋಡಿದ್ದಾನೆ ಎಂದು ಐಸಮ್ಮ ಬಾಯಿ ತಿರುಪಿದಳು. ಹೊಸತು ಹೊಲಿಸಿದರೆ ದರ್ಜಿಗೆ ಅಳತೆ ಗೊತ್ತಾಗುತ್ತದೆ, ಆಮೇಲೆ ಪೇಟೆಗೆ ಗೊತ್ತಾಗುತ್ತದೆ. ಹಳತೇ ಬೇಕು. ಒಳಗೆ ಹತ್ತಿ ಇಟ್ಟು ಹೊಲಿ, ಮೊದಲಿನ ಹಾಗೆ ಕಾಣಬೇಕು ಎಂದಳು.

"ಹತ್ತಿ ತುಂಬಿಸ್ಲಿಕ್ಕೆ ನೀವು ತಲೆದಿಂಬಲ್ಲ," ಎಂದಳು ಸಫಿಯಮ್ಮ. "ಇದ್ದ ಮೈಗೆ ಹೊಲೀತೇನೆ. ಬೇಡಾದ್ರೆ ಬೇರೆಯವರನ್ನು ಕರೀರಿ."

ಐಸಮ್ಮ ಗೋಡೆಯ ಕಡೆ ತಿರುಗಿ ಕೂತಳು. ಸಫಿಯಮ್ಮ ಬಾಗಿಲ ಬಳಿ ನಿಂತು ಉಗುರು ನೋಡಿಕೊಂಡಳು. ಕೊನೆಗೆ ಐಸಮ್ಮ ಎದ್ದು ಕನ್ನಡಿಯ ಮುಂದೆ ಬಂದು ಎರಡೂ ಕೈ ಎತ್ತಿದಳು.

ಕೆಲಸ ಒಂದು ದಿನದಲ್ಲಿ ಮುಗಿಯುವಂತಹದ್ದಾಗಿರಲಿಲ್ಲ. ಸಫಿಯಮ್ಮ ಅಲ್ಲೇ ಉಳಿದಳು. ಕಪಾಟಿನಲ್ಲಿ ಒಳ್ಳೆಯವೆಂದು ಕಂಡ ಕುಪ್ಪಾಯಗಳನ್ನೆಲ್ಲ ಬಿಚ್ಚಿ ಹಾಸಿದಳು. ಹೀಗೆ ಕಿರಿದು ಮಾಡುವಾಗ ಮಿಕ್ಕ ಬಟ್ಟೆಯನ್ನು ಹೊಲಿಗೆಯ ಒಳಗೆ ಮಡಚಿ ಬಿಡುವುದು ವಾಡಿಕೆ. ಮಕ್ಕಳಿಗೆ, ಬಸುರಿಯರಿಗೆ, ಬಾಣಂತಿಯರಿಗೆ, ಎಲ್ಲರಿಗೂ ಹಾಗೆಯೇ. ಮುಂದೆ ಬಿಚ್ಚಿ ಅಗಲ ಮಾಡಬಹುದು. ಮೊದಲ ಕುಪ್ಪಾಯದ ಮುಂದೆ ಅವಳು ಕತ್ತರಿ ಹಿಡಿದು ಕೂತಳು. ಮಿಕ್ಕಿದ್ದು ಒಂದು ಗೇಣಿಗಿಂತ ಹೆಚ್ಚು. ಒಳಗೆ ಬಿಟ್ಟರೆ ಪಕ್ಕ ಉಬ್ಬಿ ನಿಲ್ಲುತ್ತದೆ, ಅಂದ ಕೆಡುತ್ತದೆ. ಬಿಡುವುದಾದರೂ ಯಾರಿಗೆ? ಹಾಸಿಗೆಯ ಮೇಲೆ ಮಲಗಿದ ಆ ಎಲುಬಿನ ಗೂಡನ್ನು ನೋಡಿದಳು. ಕತ್ತರಿಸಿದಳು. ಮತ್ತಿನವಕ್ಕೆ ಯೋಚನೆ ಬೇಕಾಗಲಿಲ್ಲ. ಬಿದ್ದ ತುಂಡುಗಳನ್ನು ಕಸಬರಿಕೆಯಲ್ಲಿ ಗುಡಿಸಿ ಹಿತ್ತಿಲಿಗೆ ಹಾಕಿದಳು.

ಚಪ್ಪಲಿಗಳು ಉಳಿದಿದ್ದವು. ಬೊಂಬಾಯಿಯ ಚರ್ಮ, ಒಳ್ಳೆಯದು, ಆದರೆ ಈಗ ಐಸಮ್ಮನ ಪಾದ ಅದರಲ್ಲಿ ಅಲೆದಾಡುತ್ತಿತ್ತು. ಸಫಿಯಮ್ಮ ಮೊಳೆ ಕಾಯಿಸಿ ಪಟ್ಟಿಗೆ ಹೊಸ ತೂತು ಮಾಡಿದಳು, ಹಳೆಯ ಕಂಬಳಿಯ ತುಂಡನ್ನು ಪಾದದಷ್ಟಕ್ಕೆ ಕೊಯ್ದು ಒಳಗೆ ಅಂಟಿಸಿದಳು. ಐಸಮ್ಮ ಎಲ್ಲವನ್ನೂ ತೊಟ್ಟು ಕನ್ನಡಿಯ ಮುಂದೆ ನಿಂತಳು. ಭುಜ ಭುಜದ ಜಾಗದಲ್ಲಿತ್ತು, ತೋಳು ಮಣಿಗಂಟಿಗೆ ನಿಂತಿತ್ತು. ಜೀವಮಾನದಲ್ಲಿ ಮೊದಲ ಸಲ ಅವಳ ಮೈಗೆ ಸರಿಯಾದ ಬಟ್ಟೆ ಬಿದ್ದಿತ್ತು. ಅವಳು ಮಾತ್ರ, ನನ್ನ ಒಳ್ಳೊಳ್ಳೆ ಬಟ್ಟೆಗಳನ್ನು ನೀನು ಇಷ್ಟು ವರ್ಷ ಹೀಗೇ ಕೊಚ್ಚಿ ಹಾಕಿದ್ದಾ ಎಂದು ಕೇಳಿದಳು. ಅವು ಒಳ್ಳೆಯದಾದದ್ದೇ ಕೊಚ್ಚಿದ ಮೇಲೆ ಎಂದಳು ಸಫಿಯಮ್ಮ. ಹೊರಡುವ ತನಕ ಇಬ್ಬರೂ ಹಾಗೆಯೇ ಕಚ್ಚಾಡಿದರು. ಅಡಿಗೆಮನೆಯವರಿಗೆ, ಸಾಯುವವಳ ಹತ್ತಿರ ಹೀಗೆ ಮಾತಾಡುವವಳು ಮನುಷ್ಯಳೇ ಅಲ್ಲ ಅನ್ನಿಸಿತು.

ಮದ್ರಾಸಿನಲ್ಲಿ ಅವಳ ಕುತ್ತಿಗೆ ಕೊಯ್ದರು. ಸಾಯಲಿಲ್ಲ. ಮಳೆಗಾಲ ಪೂರ್ತಿ ಅಲ್ಲೇ ಕಳೆದು, ಕುತ್ತಿಗೆಗೆ ಅಡ್ಡ ಒಂದು ಗೆರೆ ಹಾಕಿಸಿಕೊಂಡು ಪುತ್ತೂರಿಗೆ ಬಂದಳು. ಕೈ ನಡುಗುವುದು ನಿಂತಿತ್ತು. ತಿಂದದ್ದು ಮೈಗೆ ಹತ್ತುತ್ತಿತ್ತು. ಕಣ್ಣೀರು ಹಾಕಿದವರೆಲ್ಲ ಬಂದು ನೋಡಿ, ತಮ್ಮ ದುವಾ ಫಲಿಸಿತೆಂದು ಹೇಳಿ ಹೋದರು. ಸಫಿಯಮ್ಮ ಹೋಗಲಿಲ್ಲ. ಬದುಕಿದ್ದಕ್ಕೆಲ್ಲ ಹೋಗಿ ನೋಡಲಿಕ್ಕೆ ಆಗುತ್ತದಾ ಎಂದು ಅದ್ದುವಿಗೆ ಹೇಳಿದಳು.

ಒಂದು ಮಧ್ಯಾಹ್ನ ಒಣಮೀನಿನ ಅಂಗಡಿಯ ಮುಂದೆ ಬಾಡಿಗೆ ಕಾರು ನಿಂತಿತು. ಐಸಮ್ಮ ಇಳಿದಳು. ಅದ್ದು ಬೇರೆಯಾದ ಮೇಲೆ ಅವಳು ಅಂಗಡಿಯ ಹಿಂದಿನ ಆ ಮನೆಗೆ ಕಾಲಿಟ್ಟದ್ದೇ ಇಲ್ಲ. ಮಾಡು ತಲೆಗೆ ತಾಗುತ್ತದೆ, ಮೀನಿನ ವಾಸನೆಯಲ್ಲಿ ಮಕ್ಕಳು ಹೇಗೆ ಮಲಗುತ್ತಾರೆ ಎನ್ನುತ್ತ ಒಳಗೆ ಬಂದು, ಚಾಪೆಯ ಮೇಲೆ ಕೂತಳು. ಇಬ್ರಾಹಿಂ ಟ್ರಂಕನ್ನು ತಂದಿಟ್ಟು ಹೋದ. ಐಸಮ್ಮ ಅದರಿಂದ ಒಂದು ಕುಪ್ಪಾಯ ತೆಗೆದು ಪಕ್ಕದ ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ ಸಫಿಯಮ್ಮನ ಮುಂದೆ ಹಿಡಿದಳು. ಸಣ್ಣ, ನೇರ, ಎಳ್ಳಿನಂತಹ ಹೊಲಿಗೆ. ಅದರಾಚೆ ಒಂದು ನೂಲಿನಷ್ಟೂ ಬಟ್ಟೆ ಇರಲಿಲ್ಲ.

"ಬಿಚ್ಚಿ ಅಗಲ ಮಾಡ್ಲಿಕ್ಕೆ ಕೂತೆ," ಎಂದಳು ಐಸಮ್ಮ. "ಒಳಗೆ ಎಂತ ಇಲ್ಲ. ಎಲ್ಲದರಲ್ಲೂ ಹಾಗೇ. ನಾನು ಸಾಯ್ತೇನೆ ಅಂತ ಕತ್ತರಿಸಿದ್ದಾ?"

ಬಟ್ಟೆ ಉಬ್ಬುತ್ತಿತ್ತು, ಅಂದ ಕೆಡುತ್ತಿತ್ತು ಎಂದು ಹೇಳಲು ಸಫಿಯಮ್ಮನಿಗೆ ಬರುತ್ತಿತ್ತು. ಅದರಲ್ಲಿ ಸುಳ್ಳೂ ಇರಲಿಲ್ಲ. ಆದರೆ ಎದುರಿಗೆ ಕೂತವಳು ಅಂತಹ ಮಾತನ್ನು ಎರಡು ಬೆರಳಲ್ಲಿ ಎತ್ತಿ ಬಿಸಾಡುತ್ತಾಳೆಂದು ಗೊತ್ತಿತ್ತು.

"ಹೌದು," ಎಂದಳು.

ಐಸಮ್ಮ ತಲೆಯಾಡಿಸಿದಳು, ಲೆಕ್ಕ ಸರಿಯಾದವರ ಹಾಗೆ.

"ನಾನು ನಿನಗೆ ಕೊಟ್ಟದ್ದು ಹಳತೇ. ಊರಿಗೆಲ್ಲ ಗೊತ್ತಾಗ್ಲಿ ಅಂತಲೇ ಕೊಟ್ಟದ್ದು. ಆದ್ರೆ ನೀನು ಬದುಕ್ತೀ ಅಂತ ತಿಳಿದು ಕೊಟ್ಟೆ, ಸಫಿಯಾ."

ಸಫಿಯಮ್ಮ ಎದ್ದು ಹೋಗಿ ಕತ್ತರಿ ತಂದಳು. ಪಕ್ಕಗಳಿಗೆ ಪಟ್ಟಿ ಕೊಟ್ಟು ಅಗಲ ಮಾಡಬಹುದು, ಅಂಗಡಿಯಿಂದ ಅದೇ ಬಣ್ಣದ ಬಟ್ಟೆ ತರಿಸಿದರೆ ಹೊರಗೆ ಕಾಣುವುದಿಲ್ಲ ಎಂದಳು. ಐಸಮ್ಮ ಅದ್ಯಾವುದೂ ಬೇಡವೆಂದಳು. ಪಟ್ಟಿ ಈ ಮನೆಯ ಬಟ್ಟೆಯದ್ದೇ ಆಗಬೇಕು. ಸಫಿಯಮ್ಮ ಪೆಟ್ಟಿಗೆ ತೆರೆದು ಒಂದೊಂದೇ ಎತ್ತಿ ತೋರಿಸಿದಳು. ಇದು ನನ್ನದು, ಇದೂ ನನ್ನದೇ, ಕೊಯ್ದು ಹಾಕಿದರೆ ಗುರುತು ಸಿಕ್ಕುವುದಿಲ್ಲ ಅಂತ ತಿಳೀಬೇಡ ಎಂದು ಐಸಮ್ಮ ತಳ್ಳುತ್ತ ಬಂದಳು. ಕೊನೆಗೆ ಪೆಟ್ಟಿಗೆಯ ತಳದಲ್ಲಿ ಒಂದು ನೀಲಿ ತುಣಿ ಉಳಿಯಿತು. ಜೈನಬಮ್ಮ ಮಗಳ ಮದುವೆಗೆಂದು ಟೊಪ್ಪಿ ಹೊಲಿದ ದುಡ್ಡಿನಲ್ಲಿ ತೆಗೆದದ್ದು. ಸಫಿಯಮ್ಮ ಅದನ್ನು ಎತ್ತಲಿಲ್ಲ. ಐಸಮ್ಮ ಬಗ್ಗಿ ತಾನೇ ಎತ್ತಿ, ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ಇದು ನನ್ನದಲ್ಲ," ಎಂದಳು. "ಇದನ್ನು ಹಾಕು."

ಸಫಿಯಮ್ಮ ಆ ಮುಖವನ್ನು ನೋಡಿದಳು. ಬೇಡಿದರೆ ಬಿಡುತ್ತಿದ್ದಳೋ ಏನೋ. ಬೇಡುವ ಅಭ್ಯಾಸ ಇವಳಿಗಿರಲಿಲ್ಲ. ತುಣಿಯನ್ನು ಚಾಪೆಯ ಮೇಲೆ ಹಾಸಿ, ನೆರಿಗೆ ಸವರಿ, ಅಂಚಿನಿಂದ ಅಂಚಿಗೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿದಳು. ಕೈ ಎಲ್ಲಿಯೂ ತಡೆಯಲಿಲ್ಲ.

ಎಲ್ಲ ಕುಪ್ಪಾಯಗಳಿಗೆ ಪಟ್ಟಿ ಕೂರುವ ತನಕ ಐಸಮ್ಮ ಆ ಮನೆಯಲ್ಲೇ ಇದ್ದಳು. ಚಾಪೆಯ ಮೇಲೆ ಮಲಗಿ ಸೊಂಟ ನೋವೆಂದು ದೂರಿದಳು, ಅದ್ದು ತಂದ ಮೀನನ್ನೆಲ್ಲ ಬೈಯುತ್ತ ತಿಂದು ಮುಗಿಸಿದಳು, ಪಕ್ಕದಲ್ಲಿ ಕೂತು ಒಂದೊಂದು ಟಾಂಕಿಗೂ ದೋಷ ಹೇಳಿದಳು. ನಿಮ್ಮ ಹಾಗೆ ಹೊಲಿಯಲಿಕ್ಕೆ ನನ್ನ ಕುತ್ತಿಗೆಯಲ್ಲಿ ಗಂಟು ಇಲ್ಲವಲ್ಲ ಎಂದು ಸಫಿಯಮ್ಮ ಹೇಳಿದ ದಿನ ಇಬ್ಬರ ನಡುವೆ ಮಾತು ನಿಂತಿತು. ಮರುದಿನ ಬೈಗುಳದೊಂದಿಗೆ ಮತ್ತೆ ಸುರುವಾಯಿತು. ಕಾರು ಬಂದ ದಿನ ಐಸಮ್ಮ ಟ್ರಂಕು ಎತ್ತಿಸಿಕೊಂಡು, ಕೆಲಸ ಹೇಗಾಯಿತೆಂದು ಒಂದು ಮಾತೂ ಹೇಳದೆ ಹೋದಳು.

ಆ ಪಟ್ಟಿಗಳನ್ನು ಅವಳು ವಲ್ಲಿಯಿಂದ ಮುಚ್ಚುತ್ತಿರಲಿಲ್ಲ. ಮುಂದಿನ ವರ್ಷ ನೆಲ್ಯಾಡಿಯ ಸಂಬಂಧಿಕರಲ್ಲಿ ಮಗುವಿಗೆ ಹೆಸರಿಡುವ ದಿನ ಸಫಿಯಮ್ಮ ಅದನ್ನು ಕಣ್ಣಾರೆ ಕಂಡಳು. ಹೆಂಗಸರು ತುಂಬಿದ ಕೋಣೆಯ ನಡುವೆ ಐಸಮ್ಮ ಹಳದಿ ಕುಪ್ಪಾಯ ತೊಟ್ಟು ಕೂತಿದ್ದಳು. ಕಂಕುಳಿನಿಂದ ಸೊಂಟದ ತನಕ ನೀಲಿ ಪಟ್ಟಿ, ದಾರಿಯಲ್ಲಿ ಹೋಗುವವರಿಗೂ ಕಾಣುವಷ್ಟು. ಜವಳಿ ಅಂಗಡಿಯವರಿಗೆ ಎಂತ ಗತಿ ಬಂತೆಂದು ಯಾರೋ ಮೆಲ್ಲಗೆ ಕೇಳಿದರು. ಐಸಮ್ಮ ಕೈ ಎತ್ತಿ ಪಟ್ಟಿಯನ್ನು ಪೂರ್ತಿ ತೋರಿಸಿದಳು. ಓರಗಿತ್ತಿ ತನ್ನನ್ನು ಬದುಕಿರುವಾಗಲೇ ಕಬರಿಗೆ ಅಳೆದದ್ದು, ಒಳಗಿನ ಬಟ್ಟೆ ಕತ್ತರಿಸಿ ಹಿತ್ತಿಲಿಗೆ ಹಾಕಿದ್ದು, ಆಮೇಲೆ ತನ್ನ ಸ್ವಂತ ತುಣಿಯನ್ನು ಕೊಯ್ದು ತೆತ್ತದ್ದು, ಎಲ್ಲವನ್ನೂ ಹೇಳಿದಳು. ಎಲ್ಲಿ ಹೋದರೂ ಅದನ್ನೇ ಹೇಳುತ್ತಿದ್ದಾಳೆಂದು ಕೇಳಿದವರ ಮುಖವೇ ತಿಳಿಸುತ್ತಿತ್ತು. ಹೆಂಗಸರ ಕಣ್ಣುಗಳು ಸಫಿಯಮ್ಮನ ಕಡೆ ಹೊರಳಿದವು.

ಅವಳು ತಲೆ ತಗ್ಗಿಸಲಿಲ್ಲ. ಅವಳ ಕಣ್ಣು ಪಟ್ಟಿಯ ಮೇಲಿತ್ತು. ಆ ಹೆಂಗಸಿಗೆ ಇಷ್ಟು ವಯಸ್ಸಾದರೂ ನೆಟ್ಟಗೆ ಕೂರಲು ಬರುವುದಿಲ್ಲ. ಒಂದು ಕಡೆ ವಾಲಿ ಕೂತದ್ದರಿಂದ ಎಡಗಡೆಯ ಹೊಲಿಗೆ ಎಳೆಯುತ್ತಿತ್ತು.

"ಕೈ ಅಷ್ಟು ಎತ್ಬೇಡಿ," ಎಂದಳು. "ಹೊಲಿಗೆ ಬಿಡ್ತದೆ."

"ಬಿಟ್ರೆ ನಿನ್ನ ಹೊಲಿಗೆಯ ದೋಷ, ನನ್ನ ಕೈಯದ್ದಲ್ಲ," ಎಂದು ಐಸಮ್ಮ ಕೈಯನ್ನು ಇನ್ನೂ ಮೇಲೆ ಎತ್ತಿದಳು.